ಗೋಡೆಯ ಬಣ್ಣ, ನಾಲಿಗೆಯ ಬಣ್ಣ

ಬಣ್ಣದಣ್ಣನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹಾಗೆಂದು ಹೇಳುವುದೇ ಇಲ್ಲ ಎಂದಲ್ಲ. ಹೇಳುತ್ತಾನೆ, ಆದರೆ ಬಹಳ ಕೆಟ್ಟದಾಗಿ ಹೇಳುತ್ತಾನೆ. ಈಜು ಬಾರದವನು ಬಾವಿಗೆ ಬಿದ್ದ ಹಾಗೆ ಸುಳ್ಳಿಗೆ ಬೀಳುತ್ತಾನೆ. ಬಿದ್ದ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದುಕೊಂಡು ಅದನ್ನೂ ಮುಳುಗಿಸುತ್ತಾನೆ.

ಅವನ ವ್ಯಾಪಾರ ಬಣ್ಣದ್ದು. ತಿನ್ನುವ ಬಣ್ಣ. ಊರಿನ ಬೇಕರಿಯಲ್ಲಿ ಕೇಕಿನ ಮೇಲೆ ಗುಲಾಬಿ ಅರಳಿದ್ದರೆ, ಐಸ್‌ಕ್ಯಾಂಡಿ ತಿಂದ ಮಕ್ಕಳ ತುಟಿ ಕಿತ್ತಳೆಯಾಗಿದ್ದರೆ, ತಟ್ಟೆಯಲ್ಲಿ ಜೆಲ್ಲಿ ಹಸಿರಾಗಿ ನಡುಗುತ್ತಿದ್ದರೆ, ಅದರ ಹಿಂದೆ ಬಣ್ಣದಣ್ಣನ ಹಳೇ ಸ್ಕೂಟರೂ ಅದರ ಡಿಕ್ಕಿಯಲ್ಲಿ ಕಿಣಿಕಿಣಿ ಎನ್ನುವ ಸೀಸೆಗಳೂ ಇವೆ ಎಂದೇ ತಿಳಿಯಬೇಕು. ಬೆರಳುಗಳು ಯಾವತ್ತೂ ಒಂದೇ ಬಣ್ಣದಲ್ಲಿದ್ದದ್ದಿಲ್ಲ. ಉಗುರು ನೋಡಿಯೇ ಹೆಂಡತಿ, "ಇವತ್ತು ಬಿಸ್ಕತ್ತಿನೋರ ಹತ್ರ ಹೋಗಿದ್ರಾ?" ಎನ್ನುತ್ತಿದ್ದಳು. ಬಡಪಾಯಿಗೆ ಎಲ್ಲಿಗೂ ಕದ್ದು ಹೋಗುವ ಅವಕಾಶವೇ ಇರಲಿಲ್ಲ.

ಇವನಿಗೊಬ್ಬಳೇ ಮಗಳು. ಶಾಲೆಯಲ್ಲಿ ಗಣಿತ ಹೇಳಿಕೊಡುವ ಹುಡುಗಿ. ಹಲ್ಲುನೋವು ಅಂತ ಹೋದವಳು ಹಲ್ಲಿನ ಡಾಕ್ಟರನ್ನೇ ಮೆಚ್ಚಿಕೊಂಡು ಬಂದಳು. ಒಂದೇ ಹಲ್ಲಿಗೆ ಇಷ್ಟು ಸಲ ಹೋಗುತ್ತಾಳಲ್ಲ ಎಂದು ತಾಯಿಗೆ ಅನುಮಾನ ಬಂದು, ಕೇಳಿ, ವಿಷಯ ಹೊರಬಿದ್ದು, ಒಂದು ಭಾನುವಾರ ಹುಡುಗನ ತಂದೆ ಮಾತುಕತೆಗೆ ಬಂದರು.

ಹುಡುಗನ ತಂದೆ ಸರ್ಕಾರದ ಕಾನೂನು ಇಲಾಖೆಯಲ್ಲಿ ಮಸೂದೆಗಳ ಕರಡು ಬರೆಯುವವರು. ಕರಡು ಸಾಹೇಬರು ಎಂದೇ ಅವರಿಗೆ ಹೆಸರು. ಬಹಳ ಒಳ್ಳೆಯ ಮನುಷ್ಯ. ಆದರೆ ಜೀವಮಾನವೆಲ್ಲ ಕಾಯ್ದೆ ಬರೆದು ಬರೆದು ಮಾತೂ ಕಾಯ್ದೆಯಾಗಿಬಿಟ್ಟಿತ್ತು. ಹೆಂಡತಿ ಟೀ ಕೊಟ್ಟರೆ, "ಸಕ್ಕರೆ ಒಂದು ಚಮಚ ಹಾಕತಕ್ಕದ್ದು, ಪರಂತು, ಚಮಚ ಸಣ್ಣದಿದ್ದ ಪಕ್ಷದಲ್ಲಿ ಒಂದೂವರೆ" ಎನ್ನುವವರು. ಅವರನ್ನು ಕಂಡರೆ ಮನೆಯ ಬೆಕ್ಕು ಕೂಡ ಅಪ್ಪಣೆಯಿಲ್ಲದೆ ಕುರ್ಚಿ ಹತ್ತುತ್ತಿರಲಿಲ್ಲವಂತೆ.

"ತಾವು ಏನು ಮಾಡಿಕೊಂಡಿದ್ದೀರಿ?" ಸಾಹೇಬರು ಕೇಳಿದರು.

"ಬಣ್ಣದ ವ್ಯಾಪಾರ," ಬಣ್ಣದಣ್ಣ ಎದೆ ಉಬ್ಬಿಸಿದ.

"ಒಳ್ಳೇದು. ನಾನೂ ಈಗ ಬಣ್ಣದಲ್ಲೇ ಮುಳುಗಿದ್ದೀನಿ."

"ಹೌದಾ! ಯಾವ ಕಂಪನಿ?"

"ಸರ್ಕಾರ. ಪೇಪರಲ್ಲಿ ನೋಡಿರಬೇಕಲ್ಲ? ತಿನ್ನೋ ಪದಾರ್ಥಕ್ಕೆ ಕೃತಕ ಬಣ್ಣ ಹಾಕೋದನ್ನ ಪೂರ್ತಿ ನಿಷೇಧಿಸೋ ಮಸೂದೆ. ಕರಡು ನನ್ನದೇ. ಮಾರುವವನಿಗೆ ದಂಡ, ಎರಡನೇ ಸಲ ಮಾರಿದರೆ ಜೈಲು. ಮಕ್ಕಳ ಹೊಟ್ಟೆಗೆ ಬಣ್ಣ ಹಾಕೋ ಆ ಜನರನ್ನ ಕಂಡರೆ ನನಗೆ ಮೈಯೆಲ್ಲ ಉರಿಯುತ್ತೆ. ಅಂದ ಹಾಗೆ, ತಮ್ಮದು ಗೋಡೆಗೆ ಬಳಿಯೋ ಬಣ್ಣ ತಾನೇ?"

ಇದೇ ಹೊತ್ತಿಗೆ ಸರಿಯಾಗಿ ಬಣ್ಣದಣ್ಣನ ಹೆಂಡತಿ ತಟ್ಟೆ ಹಿಡಿದು ಅಡುಗೆಮನೆಯಿಂದ ಹೊರಬಂದಳು. ತಟ್ಟೆಯಲ್ಲಿ ಬೇಕರಿ ಯಜಮಾನರು ವಿಶೇಷವಾಗಿ ಕಳಿಸಿದ್ದ ಕೇಕು: ಒಂದು ಪದರ ಗುಲಾಬಿ, ಒಂದು ಪದರ ಹಸಿರು, ಒಂದು ಪದರ ಹಳದಿ, ಮೇಲೊಂದು ನೀಲಿ ಹೂವು. "ಜೈಲು" ಎಂಬ ಪದ ಕಿವಿಗೆ ಬಿದ್ದದ್ದೇ ತಡ, ಆ ಮಹಾತಾಯಿ ನಡಿಗೆಯ ಲಯ ತಪ್ಪಿಸದೆ, ಕವಾಯತು ಮಾಡುವ ಸಿಪಾಯಿಯ ಹಾಗೆ ಅಲ್ಲೇ ತಿರುಗಿ ಕೇಕಿನ ಸಮೇತ ಒಳಗೆ ನಡೆದಳು. ಮತ್ತೆ ಬಂದಾಗ ತಟ್ಟೆಯಲ್ಲಿದ್ದದ್ದು ಬರೀ ರಸ್ಕು.

"ಗೋಡೆಗೇ!" ಬಣ್ಣದಣ್ಣ ಬಾವಿಗೆ ಬಿದ್ದ. "ಗೋಡೆಗೆ ಬಿಟ್ರೆ ಬೇರೆಲ್ಲೂ ಹಚ್ಚಲ್ಲ ನಾವು."

ಸಾಹೇಬರು ಹೋದ ಮೇಲೆ ಮಗಳು ಬಂದು ನಿಂತಳು. "ಅಪ್ಪಾ, ಯಾಕೆ ಹಾಗಂದೆ? ನಾನು ಆಗಲೇ ಅವರ ಮಗನಿಗೆ..."

"ನೀನು ಸುಮ್ನಿರಮ್ಮ! ನಿನ್ನ ಸಲುವಾಗೇ ಹೇಳಿದ್ದು."

"ಅಲ್ಲಪ್ಪಾ, ಅವರ ಅಮ್ಮನಿಗೂ..."

"ಸುಮ್ನಿರು ಅಂದ್ನಲ್ಲ!"

ಹುಡುಗಿ ಸುಮ್ಮನಾದಳು. ಆ ಮನೆಯಲ್ಲಿ ಲೆಕ್ಕ ಬರುತ್ತಿದ್ದದ್ದು ಅವಳೊಬ್ಬಳಿಗೇ. ಆದರೆ ಅವಳ ಉತ್ತರವನ್ನು ಕೊನೆಯವರೆಗೂ ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ.

ಸುಳ್ಳು ಅಷ್ಟಕ್ಕೇ ನಿಂತಿದ್ದರೆ ಈ ಕಥೆ ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಎರಡೇ ದಿನಕ್ಕೆ ಸಾಹೇಬರ ಫೋನು ಬಂತು. ಅವರ ಮನೆಗೆ ಬಣ್ಣ ಹೊಡೆಸಿ ಬಹಳ ಕಾಲವಾಗಿದೆಯಂತೆ, ಮದುವೆಗೆ ಮುಂಚೆ ಹೊಡೆಸಬೇಕಂತೆ, "ಮನೆಯವರೇ ಬಣ್ಣದವರಿರುವಾಗ ಹೊರಗಿನವರನ್ನ ಯಾಕೆ ಕರೆಯಲಿ? ತಾವೇ ಬಂದು ಗೋಡೆ ನೋಡತಕ್ಕದ್ದು."

ಬಣ್ಣದಣ್ಣ ಓಡಿದ್ದು ಪಕ್ಕದ ಮನೆಯ ಪೇಂಟ್ ಮೇಸ್ತ್ರಿಯ ಹತ್ತಿರಕ್ಕೆ. ಮೇಸ್ತ್ರಿ ಏಣಿಗೆ ಹಗ್ಗ ಬಿಗಿಯುತ್ತಿದ್ದ. ಎಲ್ಲ ಕೇಳಿ, ಏಣಿಗೇ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಣ್ಣಾ, ಮೂರೇ ಮಾತು ಕಲಿ. 'ತೇವ ಇದೆ.' 'ಕೆರೀಬೇಕು.' 'ಪ್ರೈಮರ್ ಹಾಕ್ಬೇಕು.' ಯಾವ ಗೋಡೆಗೆ ಬೇಕಾದ್ರೂ ಹೇಳು, ನಡೆಯುತ್ತೆ."

"ಹೇಳಿದ್ದು ತಪ್ಪಾದ್ರೆ?"

"ಗೋಡೆ ಏನು ಬಾಯಿ ಬಿಟ್ಟು ಹೇಳುತ್ತಾ? ನಾನು ಇಷ್ಟು ವರ್ಷದಿಂದ ಇದೇ ಮೂರು ಮಾತಲ್ಲಿ ಸಂಸಾರ ಮಾಡಿದೀನಿ."

ಬಣ್ಣದಣ್ಣ ದಾರಿಯುದ್ದಕ್ಕೂ ಮಂತ್ರದ ಹಾಗೆ ಮೂರೂ ಮಾತು ಜಪಿಸುತ್ತ ಸಾಹೇಬರ ಮನೆಗೆ ಹೋದ. ಒಳಗೆ ಕಾಲಿಟ್ಟವನೇ ಎಡಗಡೆ ಗೆಣ್ಣಿನಿಂದ ಎರಡು ಸಲ ಕುಟ್ಟಿ, ಕಿವಿಯಿಟ್ಟು ಕೇಳಿ, ಗಂಭೀರವಾಗಿ, "ತೇವ ಇದೆ" ಎಂದ.

"ಅದು ಪುಸ್ತಕದ ಕಪಾಟು," ಎಂದರು ಸಾಹೇಬರು.

"ಕೆರೀಬೇಕು," ಎಂದ ಬಣ್ಣದಣ್ಣ, ಬೇರೇನೂ ತೋಚದೆ.

ಸಾಹೇಬರ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಹೋದರು. ಬಣ್ಣದಣ್ಣ ಧೈರ್ಯ ತಂದುಕೊಂಡು ನಿಜವಾದ ಗೋಡೆಯನ್ನೇ ಹುಡುಕಿ, ಅದರ ಮೇಲೆ ಬೆರಳಾಡಿಸಿ, ಹಳೇ ಅಭ್ಯಾಸದ ಬಲದಿಂದ ಬೆರಳನ್ನು ನಾಲಿಗೆಗೆ ಮುಟ್ಟಿಸಿ ಚಪ್ಪರಿಸಿದ. ಇಪ್ಪತ್ತೈದು ವರ್ಷ ತಿನ್ನುವ ಬಣ್ಣ ಮಾರಿದವನ ಕೈ ಅದು; ತಾನಾಗಿಯೇ ಬಾಯಿಗೆ ಹೋಗುತ್ತದೆ. ಸಾಹೇಬರು ಕನ್ನಡಕ ಸರಿಮಾಡಿಕೊಂಡರು.

"ರುಚಿ ನೋಡಿ ಹೇಳ್ತೀರಾ?"

"ಹಳಬರು ನಾವು. ಯಂತ್ರ ಗಿಂತ್ರ ನಂಬಲ್ಲ."

"ಭಲೇ! ಈ ಗೋಡೆಗೆ ಯಾವ ಬಣ್ಣ ಒಪ್ಪುತ್ತೆ ಅಂತೀರಿ?"

"ಸ್ಟ್ರಾಬೆರಿ ಚೆನ್ನಾಗಿರುತ್ತೆ. ಒಂದು ಲೀಟರಿಗೆ ಎರಡು ಚಿಟಿಕೆ ಸಾಕು, ಜಾಸ್ತಿ ಆದ್ರೆ ಕಹಿಯಾಗುತ್ತೆ."

"ಎಷ್ಟು ದಿನ ಬಾಳಿಕೆ ಬರುತ್ತೆ?"

"ಫ್ರಿಜ್ಜಲ್ಲಿಟ್ರೆ ಆರು ತಿಂಗಳಿಗೆ ಮೋಸ ಇಲ್ಲ."

ಅಡುಗೆಮನೆಯಲ್ಲಿ ಏನೋ ಪಾತ್ರೆ ಬಿದ್ದ ಸದ್ದಾಯಿತು. ಬಾಯಿಂದ ಬಿದ್ದ ಮಾತು ಬಣ್ಣದಣ್ಣನ ಕಿವಿಗೂ ಆಗಲೇ ಬಿತ್ತು. ಅದನ್ನು ಸರಿಮಾಡಲು ಹೋಗಿ, "ಅಂದ್ರೆ, ಮಕ್ಕಳಿಗೆ ಬಹಳ ಇಷ್ಟ ಆಗುತ್ತೆ. ನೆಕ್ಕಿದ್ರೂ ಏನೂ ಆಗಲ್ಲ" ಎಂದುಬಿಟ್ಟ.

ಸಾಹೇಬರು ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು. "ಗೋಡೆಗೆ ಬಳಿಯೋ ಬಣ್ಣವನ್ನೂ ಮಕ್ಕಳು ನೆಕ್ಕಿದರೆ ಅಂತ ಯೋಚನೆ ಮಾಡೋ ವ್ಯಾಪಾರಿ! ಇನ್ನೊಂದು ಕಡೆ ತಿನ್ನೋದಕ್ಕೇ ಹಾಕಿ ಮಾರೋ ಆ ಪಾಪಿಗಳು! ನಮ್ಮ ಇಲಾಖೆಯಲ್ಲಿ ಎಲ್ಲರಿಗೂ ನಿಮ್ಮ ವಿಷಯ ಹೇಳ್ತೀನಿ."

ಹೇಳಿಯೂ ಬಿಟ್ಟರು. ಕಾನೂನು ಇಲಾಖೆಯಲ್ಲಿ ಬಣ್ಣದಣ್ಣ ಆ ವಾರ ಸತ್ಯಸಂಧನೆಂದು ಪ್ರಸಿದ್ಧನಾದ.

ಇತ್ತ ಬೇಕರಿ ಯಜಮಾನರು ಹೇಳಿ ಕಳಿಸಿದರು. ಅವರು ಬೇಕರಿ ಸಂಘದ ಮುಖ್ಯಸ್ಥರು. ಬಣ್ಣದಣ್ಣ ಹೊಸದಾಗಿ ಸೀಸೆ ಹೊತ್ತು ಬೀದಿ ಅಲೆಯುತ್ತಿದ್ದಾಗ ಎಲ್ಲರಿಗಿಂತ ಮೊದಲು ಕರೆದು ಕೂರಿಸಿ ಬಿಸಿ ಬನ್ನು ಕೊಟ್ಟು, ಆಮೇಲೆ ವ್ಯಾಪಾರವನ್ನೂ ಕೊಟ್ಟವರು. ಒಲೆಯ ಕೋಣೆಯಲ್ಲಿ ಹಿಟ್ಟು ಮೆತ್ತಿದ ಕೈಗಳನ್ನು ಸೊಂಟಕ್ಕೆ ಕೊಟ್ಟು ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ.

"ಬುಧವಾರ ಶಾಸಕರ ಸಮಿತಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತಂತೆ. ನಾವೂ ಹೋಗಬೇಕು. ಎಲ್ಲರ ಎದುರು ಒಂದು ಲೋಟ ಬಣ್ಣದ ನೀರು ಕುಡಿದು ತೋರಿಸಿದರೆ, ಇದರಿಂದ ಏನೂ ಆಗಲ್ಲ ಅಂತ ಗೊತ್ತಾಗುತ್ತೆ. ಕುಡಿಯೋನು ನೀನು."

"ನಾನ್ಯಾಕೆ ಯಜಮಾನ್ರೇ? ನೀವೇ ಕುಡೀರಿ."

"ನನಗೆ ಸಕ್ಕರೆ ಕಾಯಿಲೆ."

"ಬಣ್ಣದಲ್ಲಿ ಸಕ್ಕರೆ ಇರಲ್ಲ."

"ಹಾಗಾದ್ರೆ ಹೆದರಿಕೆ ಕಾಯಿಲೆ." ಯಜಮಾನರು ದನಿ ತಗ್ಗಿಸಿದರು. "ನೋಡಪ್ಪಾ, ಹುಟ್ಟುಹಬ್ಬದ ಕೇಕು ಬಿಟ್ರೆ ನನ್ನ ಅಂಗಡಿ ಇಲ್ಲ. ಬೆಳ್ಳಗಿರೋ ಕೇಕನ್ನ ಯಾವ ಮಗು ಕೇಳುತ್ತೆ? ಒಲೆ ಆರಿದರೆ ಇವರೆಲ್ಲ ಎಲ್ಲಿಗೆ ಹೋಗಬೇಕು?"

ಹಿಟ್ಟು ನಾದುತ್ತಿದ್ದ ಕೆಲಸಗಾರರು ಕೈ ನಿಲ್ಲಿಸಿ ಇವನ ಕಡೆಯೇ ನೋಡುತ್ತಿದ್ದರು. ಬಣ್ಣದಣ್ಣ ಇಲ್ಲ ಎನ್ನಲು ಬಾಯಿ ತೆರೆದ; ಬಂದದ್ದು, "ಅಲ್ಲಿಗೆ ಮಸೂದೆ ಬರೆದೋರೂ ಬರ್ತಾರಾ?" ಎಂಬ ಮಾತು.

"ಛೇ, ಬರೆಯೋರು ಕೋಣೆ ಬಿಟ್ಟು ಆಚೆ ಬರೋದೇ ಇಲ್ಲ."

ಬುಧವಾರ ಬೆಳಿಗ್ಗೆ ಬಣ್ಣದಣ್ಣ ಮುಂಜಾಗ್ರತೆಗೆಂದು ಮಫ್ಲರನ್ನು ಮೂಗಿನವರೆಗೆ ಸುತ್ತಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡ. ಹೆಂಡತಿ ಅಡಿಯಿಂದ ಮುಡಿಯವರೆಗೆ ನೋಡಿ, "ರೀ, ಸಾಕ್ಷಿ ಹೇಳೋಕೆ ಹೋಗೋರ ಹಾಗಿಲ್ಲ, ಬೀಗ ಒಡೆಯೋಕೆ ಹೋಗೋರ ಹಾಗಿದೀರಿ" ಎಂದಳು.

ಸಮಿತಿಯ ಸಭಾಂಗಣ ದೊಡ್ಡದು. ಉದ್ದ ಮೇಜಿನ ನಡುವೆ ಅಧ್ಯಕ್ಷೆ, ಅವರ ಎಡಬಲಕ್ಕೆ ಶಾಸಕರು, ಮೂಲೆಯಲ್ಲಿ ಶೀಘ್ರಲಿಪಿಯ ಹೆಣ್ಣುಮಗಳು. ಅಧ್ಯಕ್ಷೆಯ ಪಕ್ಕದಲ್ಲೇ ಕಾಗದ ಹರಡಿಕೊಂಡು, ಪೆನ್ನಿನ ಟೋಪಿ ತೆಗೆದು ಕೂತಿದ್ದವರು ಬೇರಾರೂ ಅಲ್ಲ, ಕರಡು ಸಾಹೇಬರು. ಬಣ್ಣದಣ್ಣ ಹಿಂದಕ್ಕೆ ತಿರುಗಿದ. ಹಿಂದೆ ಇಡೀ ಬೇಕರಿ ಸಂಘ ನಿಂತಿತ್ತು.

"ನಮ್ಮ ಮನುಷ್ಯ ಈಗ ತಮ್ಮೆದುರೇ ಕುಡಿದು ತೋರಿಸ್ತಾನೆ!" ಯಜಮಾನರು ಘೋಷಿಸಿದರು. ಹೆದರಿಕೆಯಲ್ಲಿ ಅಳತೆ ತಪ್ಪಿ, ಚಿಟಿಕೆ ಹಾಕಬೇಕಾದ ಲೋಟಕ್ಕೆ ಸೀಸೆಯನ್ನೇ ಬೋರಲು ಹಾಕಿದ್ದರು. ಲೋಟದಲ್ಲಿದ್ದದ್ದು ನೀರಿನ ಹಾಗಿರಲಿಲ್ಲ. ಸೂರ್ಯ ಮುಳುಗುವುದನ್ನು ಕಲಸಿ ಇಟ್ಟ ಹಾಗಿತ್ತು. ಮಫ್ಲರ್ ತೆಗೆಯದೆ ಕುಡಿಯುವುದು ಹೇಗೆ? ಬಣ್ಣದಣ್ಣ ಅದರ ಅಂಚನ್ನು ಸ್ವಲ್ಪವೇ ಕೆಳಗಿಳಿಸಿ, ಕಣ್ಣು ಮುಚ್ಚಿ, ಗಟಗಟ ಕುಡಿದ. ಅರ್ಧ ಒಳಗೆ ಹೋಯಿತು, ಅರ್ಧ ಮೀಸೆ, ಗಡ್ಡ, ಮಫ್ಲರಿಗೆ ಹಂಚಿಹೋಯಿತು. ಕೆಮ್ಮು ಬಂತು. ಕನ್ನಡಕ ಕೆಳಗೆ ಬಿತ್ತು.

"ಬೀಗರೇ!" ಸಾಹೇಬರು ಎದ್ದು ನಿಂತರು. ಬಾಯಿ ತುಂಬ ಕೆಂಪಾಗಿ ನಿಂತ ಭಾವೀ ಬೀಗರನ್ನು ನೋಡಿ ಅವರ ಮುಖ ಬಿಳಿಚಿತು. "ಅಯ್ಯೋ! ಇವರು ಗೋಡೆ ಬಣ್ಣದ ವ್ಯಾಪಾರಿಗಳು! ಯಾರ್ರೀ ಇವರಿಗೆ ಗೋಡೆ ಬಣ್ಣ ಕುಡಿಸಿದ್ದು?"

ಬೇಕರಿ ಯಜಮಾನರು, ಮರ್ಯಾದೆ ಉಳಿಸಿಕೊಳ್ಳಲು, ಜೀವನದಲ್ಲೇ ಅತಿ ದುಬಾರಿಯಾದ ಮಾತನ್ನು ಆಡಿದರು.

"ಯಾವ ಗೋಡೆ ಬಣ್ಣ ಸ್ವಾಮಿ? ನಮ್ಮ ಕೇಕಿಗೆಲ್ಲ ಮೊದಲಿಂದಲೂ ಇವನೇ ಬಣ್ಣ ಕೊಡ್ತಿರೋದು!"

"ಕೇಳಿದಿರಾ ಅಧ್ಯಕ್ಷರೇ!" ಸಾಹೇಬರು ಮೇಜು ಕುಟ್ಟಿದರು. "ಗೋಡೆ ಬಣ್ಣ ತಗೊಂಡು ಮಕ್ಕಳ ಕೇಕಿಗೆ ಹಾಕಿದ್ದಾರೆ! ಈ ಸಾಧುಪ್ರಾಣಿಗೆ ಗೊತ್ತೇ ಇಲ್ಲದ ಹಾಗೆ!"

ಶಾಸಕರೊಬ್ಬರು ಬೆಳಿಗ್ಗೆ ತಿಂದ ಕೇಕು ನೆನೆದು ಹೊಟ್ಟೆ ಹಿಡಿದುಕೊಂಡರು. ಪೇಪರಿನವರು ಬಾಗಿಲ ಕಡೆ ಓಡಿದರು. ಆಹಾರ ಇಲಾಖೆಯ ಇನ್ಸ್‌ಪೆಕ್ಟರು ಎದ್ದು ಯಜಮಾನರ ಅಂಗಡಿ ಯಾವ ಬೀದಿಯಲ್ಲಿದೆ ಎಂದು ಬಹಳ ವಿನಯದಿಂದ ವಿಚಾರಿಸತೊಡಗಿದರು. ಬಣ್ಣದಣ್ಣ "ಅಲ್ಲ, ಅಲ್ಲ" ಎನ್ನಲು ಬಾಯಿ ತೆರೆದ. ತೆರೆದರೆ ಕೆಂಪು ನೊರೆ. ಎದುರು ಕೂತ ಹೆಂಗಸೊಬ್ಬರು ಕಿಟಾರನೆ ಕಿರುಚಿದರು. ಸಾಹೇಬರು ಅವನ ರಟ್ಟೆ ಹಿಡಿದು, "ಮಾತಾಡಬೇಡಿ, ಶಕ್ತಿ ಉಳಿಸಿಕೊಳ್ಳಿ" ಎಂದು ದರದರ ಎಳೆದುಕೊಂಡು ಎದುರು ರಸ್ತೆಯಲ್ಲಿದ್ದ ಮಗನ ಕ್ಲಿನಿಕ್ಕಿಗೆ ನುಗ್ಗಿದರು. ಆ ಗಾಬರಿಯಲ್ಲಿ ಅವರಿಗೆ ಡಾಕ್ಟರೆಂದರೆ ಮಗನೇ ನೆನಪಾದದ್ದು. ವಿಷಕ್ಕೂ ಹಲ್ಲಿಗೂ ಏನು ಸಂಬಂಧ ಎಂದು ಕೇಳುವ ವ್ಯವಧಾನ ಯಾರಿಗಿತ್ತು?

"ಬಾಯಿ ತೊಳಿ, ಬೇಗ!" ಎಂದು ಅಪ್ಪ ಕೂಗಿದರು. ಹುಡುಗ ಭಾವೀ ಮಾವನನ್ನು ಕುರ್ಚಿಯಲ್ಲಿ ಮಲಗಿಸಿ, ಬಾಯಿ ನೋಡಿ, ಮುಖಗವಸನ್ನು ಕಣ್ಣಿನ ತನಕ ಏರಿಸಿಕೊಂಡ. ಅವನ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾನೆಂದು ಬಣ್ಣದಣ್ಣ ತಿಳಿದ. ಎರಡು ದವಡೆಗೂ ಹತ್ತಿ ಉಂಡೆ ಬಿತ್ತು, ನಾಲಿಗೆ ಕೆಳಗೆ ಎಂಜಲು ಹೀರುವ ನಳಿಗೆ ಹೋಯಿತು. ಹುಡುಗ ಫೋನ್ ಮಾಡಿದ್ದರಿಂದ ಹೆಂಡತಿ, ಮಗಳೂ ಬಂದು ಬಾಗಿಲಲ್ಲಿ ನಿಂತರು.

"ಚಿಂತೆ ಮಾಡಬೇಡಿ," ಸಾಹೇಬರು ಅವನ ತಲೆ ಸವರಿದರು. "ನಿಮಗೆ ವಿಷ ಕುಡಿಸಿದೋನು ಉಳಿಯಲ್ಲ. ಇನ್ಸ್‌ಪೆಕ್ಟರು ಹೊರಟಿದ್ದಾರೆ. ಇವತ್ತೇ ಆ ಬೇಕರಿಗೆ ಬೀಗ."

"ಆಂ... ಆಂ... ಊಂ!" ಎಂದ ಬಣ್ಣದಣ್ಣ.

"ಹೌದು, ನನಗೂ ಅಷ್ಟೇ ಸಿಟ್ಟು ಬಂದಿದೆ."

"ಊಂ ಊಂ ಆಂ!"

"ಸರಿ, ಜೈಲೂ ಆಗುತ್ತೆ."

ಬಣ್ಣದಣ್ಣ ನಳಿಗೆ ಕಿತ್ತ, ಹತ್ತಿ ಉಗುಳಿದ, ಎದ್ದು ಕೂತ. "ಗೋಡೆ ಬಣ್ಣ ಅಲ್ಲ ಸ್ವಾಮಿ! ತಿನ್ನೋ ಬಣ್ಣ! ನಾನು ಮಾರೋದೇ ತಿನ್ನೋ ಬಣ್ಣ! ನನ್ನ ಕೈಯಲ್ಲಿ ಒಂದು ಗೋಡೆಗೂ ಬಳಿದಿಲ್ಲ. ಆ ಯಜಮಾನ್ರದ್ದು ಏನೇನೂ ತಪ್ಪಿಲ್ಲ. ನೀವು ದಂಡ ಹಾಕಬೇಕು ಅಂತ ಬರೆದಿದ್ದೀರಲ್ಲ, 'ಮಾರುವವನು' ಅಂತ? ಅವನು ನಾನೇ."

ನಳಿಗೆ ನೆಲದ ಮೇಲೆ ಗೊರಗೊರ ಎನ್ನುತ್ತಿತ್ತು. ಸಾಹೇಬರು ಸ್ಟೂಲಿನ ಮೇಲೆ ಕುಸಿದು ಕೂತರು. ಹೆಂಡತಿ ಮಗಳ ಕೈ ಹಿಡಿದುಕೊಂಡಳು; ಸಂಬಂಧ ಮುರಿಯಿತು ಎಂದೇ ಅವಳಿಗೆ ಖಾತ್ರಿಯಾಗಿತ್ತು.

"ಮತ್ತೆ ಆ ಸ್ಟ್ರಾಬೆರಿ?" ಸಾಹೇಬರು ಕೇಳಿದರು. "ನನ್ನ ನಡುಮನೆಗೆ?"

"ಬಾಯಿಗೆ ಬಂದಿದ್ದು ಹೇಳಿದೆ. ಕ್ಷಮಿಸಬೇಕು."

"ಅಪ್ಪಾ, ನನಗೆ ಮೊದಲಿಂದಲೂ ಗೊತ್ತಿತ್ತು," ಎಂದ ಹುಡುಗ ಗವಸು ಇಳಿಸಿ. "ಅಮ್ಮನಿಗೂ ಗೊತ್ತು. ಫ್ರಿಜ್ಜಿನ ಮಾತು ಕೇಳಿ ನಕ್ಕು ನಕ್ಕು ಅವಳಿಗೆ ಪಕ್ಕೆ ಹಿಡ್ಕೊಂಡಿತ್ತು."

"ನಾನೇ ಹೇಳಿದ್ದೆ," ಎಂದಳು ಮಗಳು. "ಅಪ್ಪನಿಗೆ ಇದನ್ನ ಹೇಳೋಕೆ ಹೋದಾಗೆಲ್ಲ ಸುಮ್ನಿರು ಅಂತಿದ್ರು."

ಅಂದರೆ ಎರಡು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಗುಟ್ಟನ್ನು ಕಾಪಾಡಲು ಒಬ್ಬ ಅಪ್ಪ ಗೋಡೆ ನೆಕ್ಕಿ, ಮಫ್ಲರಿನೊಳಗೇ ಬಣ್ಣ ಕುಡಿದಿದ್ದ. ಗೊತ್ತಿಲ್ಲದಿದ್ದದ್ದು ಇನ್ನೊಬ್ಬ ಅಪ್ಪನಿಗೆ ಮಾತ್ರ.

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ನಾನು 'ಮಾರುವವನು' ಅಂತಷ್ಟೇ ಬರೆದೆ. ಅವನಿಗೆ ಮಗಳಿರ್ತಾಳೆ, ಸ್ಕೂಟರ್ ಇರುತ್ತೆ ಅಂತ ಬರೆಯೋಕೆ ಕಾಯ್ದೆಯಲ್ಲಿ ಜಾಗ ಇರಲ್ಲ." ಆಮೇಲೆ ಎದ್ದರು. "ಮಸೂದೆ ನಾನು ಬಿಡಲ್ಲ, ಅದನ್ನ ಮಾತ್ರ ಕೇಳಬೇಡಿ."

"ಕೇಳಲ್ಲ."

"ಆದ್ರೆ ಸುಳ್ಳು ದಾಖಲೆಯಲ್ಲಿ ಉಳಿಯಬಾರದು. ನಡೀರಿ."

ಮತ್ತೆ ರಸ್ತೆ ದಾಟಿದರು. ಈ ಸಲ ಇಡೀ ಸಂಸಾರ. ಇನ್ಸ್‌ಪೆಕ್ಟರು ಇನ್ನೂ ಜೀಪಿನ ಚಾಲಕನನ್ನು ಹುಡುಕುತ್ತಿದ್ದರು, ಪುಣ್ಯಕ್ಕೆ. ಸಭಾಂಗಣದಲ್ಲಿ ಯಜಮಾನರು ಮೂಲೆಯ ಬೆಂಚಿನಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಬಣ್ಣದಣ್ಣ ಮೈಕಿನ ಮುಂದೆ ನಿಂತು, ಕೆಂಪು ಹಲ್ಲು ಬಿಟ್ಟು, ನಡೆದದ್ದನ್ನೆಲ್ಲ ಹೇಳಿದ. ಕಪಾಟು ಕುಟ್ಟಿದ್ದನ್ನೂ ಬಿಡಲಿಲ್ಲ. ಅಧ್ಯಕ್ಷೆ ಎರಡು ಸಲ ಕಾಗದವನ್ನು ಮುಖಕ್ಕೆ ಅಡ್ಡ ಹಿಡಿದರು.

"ಎಲ್ಲ ಸರಿ," ಎಂದರು ಕೊನೆಗೆ. "ನೀವೀಗ ಮಸೂದೆಗೆ ಪರವೋ, ವಿರೋಧವೋ?"

ಬಣ್ಣದಣ್ಣ ಯಜಮಾನರನ್ನು ನೋಡಿದ, ಸಾಹೇಬರನ್ನು ನೋಡಿದ.

"ಅಮ್ಮಾ, ಇಷ್ಟು ವರ್ಷ ಮಾರಿದೆ, ಆದ್ರೆ ಲೋಟ ಎತ್ತಿ ಕುಡಿದಿದ್ದು ಇವತ್ತೇ. ಬರೀ ಕಹಿ, ಬೇರೆ ರುಚಿ ಇಲ್ಲ. ಕೆಟ್ಟದ್ದೋ ಅಲ್ವೋ, ಓದಿದವರು ಹೇಳಬೇಕು. ಆದ್ರೆ ನಾಳೆ ನನಗೆ ಒಂದು ಮೊಮ್ಮಗು ಹುಟ್ಟಿದ್ರೆ, ಅದಕ್ಕೆ ಈ ಲೋಟ ಕೊಡ್ತೀಯಾ ಅಂದ್ರೆ, ಕೈ ಬರಲ್ಲ. ಅದಕ್ಕೇ ಕಾಯ್ದೆ ಬೇಡ ಅನ್ನೋಕೆ ಬಾಯಿ ಬರಲ್ಲ. ಹಾಗಂತ ಇವರ ಒಲೆ ನಾಳೆನೇ ಆರಿಸಿ ಅನ್ನೋಕೂ ಬಾಯಿ ಬರಲ್ಲ. ಬೇರೆ ದಾರಿ ಹುಡುಕೋಕೆ ಸ್ವಲ್ಪ ಕಾಲ ಕೊಡಿ. ಅಷ್ಟೇ."

ಕಾಲ ಸಿಕ್ಕಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಸಮಿತಿ ಎರಡು ವರ್ಷದ ಅವಧಿ ಶಿಫಾರಸು ಮಾಡಿತು. ಅಷ್ಟರಲ್ಲಿ ಯಜಮಾನರು ಬೀಟ್‌ರೂಟಿನ ಗುಲಾಬಿ ಅರಳಿಸಲು ಕಲಿತರು, ಸ್ವಲ್ಪ ಮಣ್ಣಿನ ವಾಸನೆ ಬರುತ್ತದೆ ಎಂಬ ದೂರು ಈಗಲೂ ಇದೆ. ಆದರೆ ಆ ಮಧ್ಯಾಹ್ನ ಸಭಾಂಗಣದಲ್ಲಿ ಯಜಮಾನರು ಮೂಗಷ್ಟೇ ಒರೆಸಿಕೊಂಡರು. ಅಷ್ಟರಲ್ಲಿ ಹಿಂದೆ ನಿಂತಿದ್ದ ಮಗಳ ಪಿಸುಮಾತು ಮೈಕಿಗೇ ಕೇಳಿಸಿತು:

"ಅಪ್ಪಾ! ಮದುವೆ ಮಾತೇ ಮುಗಿದಿಲ್ಲ, ಮೊಮ್ಮಗು ಎಲ್ಲಿಂದ ಬಂತು?"

ನಗು ನಿಂತ ಮೇಲೆ ಶೀಘ್ರಲಿಪಿಯ ಹೆಣ್ಣುಮಗಳು ತಲೆಯೆತ್ತಿ ಸಾಹೇಬರನ್ನು ಕೇಳಿದಳು. "ಸರ್, 'ನನಗೆ ಒಂದು ಮೊಮ್ಮಗು ಹುಟ್ಟಿದರೆ' ಅನ್ನೋದನ್ನ ದಾಖಲೆಯಲ್ಲಿ ಇಡಲಾ, ತೆಗೀಲಾ?"

ಕರಡು ಸಾಹೇಬರು ಎದ್ದು ನಿಂತರು. ಬಣ್ಣದಣ್ಣನನ್ನು ಕೆಂಪು ಮೀಸೆಯಿಂದ ಕೆಂಪು ಮಫ್ಲರಿನವರೆಗೆ ಒಮ್ಮೆ ನೋಡಿದರು.

"ಇಡಿ. ಒಂದು ತಿದ್ದುಪಡಿ ಇದೆ," ಎಂದರು. "'ನನಗೆ' ಎಂಬ ಪದದ ಬದಲಿಗೆ 'ನಮಗೆ' ಎಂದು ಬರೆದುಕೊಳ್ಳತಕ್ಕದ್ದು."